ಗೋಲಿ ಗಿರಣಿಗೆ ಹೋದ ಗುಂಡುಕಲ್ಲು

ಕಾರಿನ ಹಿಂದಿನ ಸೀಟಿನಲ್ಲಿ ನಾವಿಬ್ಬರಿದ್ದೆವು, ನಾನು ಮತ್ತು ಒಂದು ಗುಂಡುಕಲ್ಲು. ಉಪಾಧ್ಯರು ಹಳೆಯ ಬೈರಾಸನ್ನು, ಅಂದರೆ ಟವೆಲನ್ನು, ಗುಂಡುಕಲ್ಲಿಗೆ ಸುತ್ತಿ, ಅದಕ್ಕೆ ಸೀಟ್ ಬೆಲ್ಟ್ ಹಾಕಿ, ಅಲುಗುತ್ತದೆಯೇ ಎಂದು ತಳ್ಳಿ ನೋಡಿ, ಬೆಲ್ಟನ್ನು ಇನ್ನಷ್ಟು ಬಿಗಿ ಮಾಡಿದರು. ನನ್ನ ಬೆಲ್ಟಿನ ವಿಚಾರ ಎತ್ತಲೇ ಇಲ್ಲ. ನಾನು ನೋಡುತ್ತಿದ್ದುದು ಗೊತ್ತಾಗಿ, "ನಿನಗೆ ಕೈ ಉಂಟು ಮಾರಾಯ್ತಿ. ಅದಕ್ಕೆ ಇಲ್ಲ" ಎಂದು ಮುಂದಿನ ಸೀಟಿಗೆ ಹೋಗಿ ಕುಳಿತರು.

ಶ್ರೀಪತಿ ಉಪಾಧ್ಯರು ಉಡುಪಿಯ ಕಡೆಯವರು. ಮಲೇಷ್ಯಾದ ಪೆನಾಂಗಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತಿದ್ದರು. ಅಲ್ಲಿನ ಬಯಾನ್ ಲೆಪಾಸಿನ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ನಮ್ಮದು ಅಕ್ಕಪಕ್ಕದ ಮನೆ. ನಡುವೆ ಒಂದು ಗೋಡೆ, ಅದೂ ತೆಳು. ಅವರ ಹೆಂಡತಿ ವಸುಧಕ್ಕ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ತಜ್ಞೆ. ಮದುವೆಯಾದ ಹೊಸತರಲ್ಲೇ ಕಾರು ಹೆಂಡತಿಗೆ, ಅಡುಗೆಮನೆ ಗಂಡನಿಗೆ ಎಂದು ಪಾಲಾಗಿತ್ತಂತೆ. ಆಮೇಲೆ ಒಬ್ಬರ ಪಾಲಿಗೆ ಇನ್ನೊಬ್ಬರು ಕೈಹಾಕಿರಲಿಲ್ಲ.

ಉಪಾಧ್ಯರ ಪಾಲಿಗೆ ಬಂದ ಅಡುಗೆಮನೆಯ ನಟ್ಟನಡುವೆ ಒಂದು ಕಲ್ಲಿತ್ತು. ಮೈಸೂರಿನವಳಾದ ನಾನು ಅದನ್ನು ಒರಳು ಎಂದರೆ ಅವರು ಪ್ರತಿಸಲವೂ "ಕಡೆಯುವ ಕಲ್ಲು" ಎಂದು ತಿದ್ದುತ್ತಿದ್ದರು. ಊರಿನಿಂದ ಹಡಗಿನಲ್ಲಿ ಬಂದ ಕರಿಕಲ್ಲು. ನಡುವೆ ಕುಳಿ, ಕುಳಿಯಲ್ಲಿ ತಿರುಗಿಸಲು ಅದೇ ಜಾತಿಯ ಗುಂಡುಕಲ್ಲು. ಬೆಳಗಾಗುವ ಹೊತ್ತಿಗೆ ಉಪಾಧ್ಯರು ಮಣೆ ಹಾಕಿಕೊಂಡು, ಯಾವುದೋ ರಕ್ತದಾನ ಶಿಬಿರದ ಟೀ ಶರ್ಟ್ ತೊಟ್ಟು, ಪಂಚೆಯನ್ನು ಮೊಣಕಾಲ ಮೇಲೆ ಸೆಕ್ಕಿ, ಎಡಗೈಯಲ್ಲಿ ಕಾಯಿತುರಿ ಒತ್ತುತ್ತಾ ಬಲಗೈಯಲ್ಲಿ ಗುಂಡು ತಿರುಗಿಸುತ್ತಾ ಅಂದಿನ ಪಾಠವನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದರು. ಸಿಟ್ರಿಕ್ ಆಸಿಡ್ ಚಕ್ರದ ಒಂದೊಂದು ಹಂತಕ್ಕೆ ಗುಂಡಿನದು ಒಂದೊಂದು ಸುತ್ತು. ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಆದರೂ ಗೋಡೆಯ ಈಚೆ ನಿಂತು ಹಲ್ಲುಜ್ಜುತ್ತಲೇ ಆ ಚಕ್ರ ನನಗೆ ಬಾಯಿಪಾಠವಾಯಿತು.

ಚಕ್ರ ಮುಗಿಯಿತೆಂದರೆ ನನ್ನ ಬಾಗಿಲು ಬಡಿಯುವ ಸದ್ದು. ಹೊರಗೆ ಸ್ಟೀಲ್ ಡಬ್ಬಿ ಹಿಡಿದ ಉಪಾಧ್ಯರು.

"ಎಂತ, ತೆಗೀಲಿಕ್ಕೆ ಇಷ್ಟು ಹೊತ್ತು? ಚಟ್ನಿ ಕಾಯ್ತದಾ?"

ನಾನು ಜನರೊಂದಿಗೆ ಬೇಗ ಬೆರೆಯುವವಳಲ್ಲ. ಇಲ್ಲಿನ ಕನ್ನಡದವರ ಹಬ್ಬದೂಟಕ್ಕೆ ಹೋದರೆ ಎಲೆಗೆ ಉಪ್ಪಿನಕಾಯಿ ಬೀಳುವ ಮೊದಲೇ ನನ್ನ ಮದುವೆಯ ಮಾತು ಬೀಳುತ್ತಿತ್ತು. ಹಾಗಾಗಿ ಹೋಗುವುದನ್ನೇ ಬಿಟ್ಟಿದ್ದೆ. ಉಪಾಧ್ಯರು ಅಷ್ಟು ವರ್ಷಗಳಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಮರುದಿನ ಖಾಲಿ ಡಬ್ಬಿ ವಾಪಸು ಪಡೆಯುವಾಗ, "ಉಪ್ಪು ಸಾಕಿತ್ತಾ?" ನಾನು "ಸಾಕಿತ್ತು ಸರ್" ಎನ್ನುತ್ತಿದ್ದೆ. ನಮ್ಮ ಸ್ನೇಹ ಬಹುಕಾಲ ಇಷ್ಟರಲ್ಲೇ ನಡೆಯಿತು, ಚೆನ್ನಾಗಿಯೇ ನಡೆಯಿತು.

ಒಮ್ಮೆ ಮಾತಿಗೆ ನನ್ನ ಮನೆಯಲ್ಲಿ ಮಿಕ್ಸಿ ಇದೆ ಎಂದುಬಿಟ್ಟೆ. ಅವರು ಕೆಟ್ಟ ರಿಪೋರ್ಟ್ ಓದಿದ ಡಾಕ್ಟರರಂತೆ ನನ್ನನ್ನು ನೋಡಿದರು.

"ಮಿಕ್ಸಿ ಅರೆಯುದಿಲ್ಲ ಮಾರಾಯ್ತಿ. ಅದು ಕಾಯಿಯನ್ನು ಹೆದರಿಸ್ತದೆ. ಹೆದರಿದ ಕಾಯಿ ನೀರು ಬಿಡ್ತದೆ. ಅದನ್ನು ನೀವೆಲ್ಲ ಚಟ್ನಿ ಅಂತ ಹೇಳುದು."

ಕಾಫಿ ಲೋಟ ಹಿಡಿದು ಹಿಂದೆ ನಿಂತಿದ್ದ ವಸುಧಕ್ಕ, "ನೋಡು, ನಾನು ಹಗಲಿಡೀ ಜನರನ್ನು ನಿದ್ದೆ ಮಾಡಿಸುದು, ಇವರು ಬೆಳಿಗ್ಗೆ ಎದ್ದು ಎಬ್ಬಿಸುದು. ಒಂದೇ ಮನೆಯಲ್ಲಿ ಎರಡೂ ಡಿಪಾರ್ಟ್‌ಮೆಂಟ್ ಉಂಟು" ಎಂದರು.

ಉಪಾಧ್ಯರು ಎಬ್ಬಿಸುತ್ತಿದ್ದುದು ಮುಖ್ಯವಾಗಿ ಮಿಸೆಸ್ ಖೂ ಅವರನ್ನು. ಉಪಾಧ್ಯರ ಅಡುಗೆಮನೆಯ ಕೆಳಗೇ ಅವರ ಮಲಗುವ ಕೋಣೆ. ಗುಂಡುಕಲ್ಲು ವರ್ಷಾನುಗಟ್ಟಲೆ ತಿರುಗಿ ಒಂದು ಕಡೆ ಹೆಚ್ಚು ಸವೆದಿತ್ತು, ಇನ್ನೊಂದು ಕಡೆ ಉಬ್ಬು ಉಳಿದಿತ್ತು. ಸುತ್ತಿಗೊಮ್ಮೆ ಆ ಉಬ್ಬು ಕುಳಿಯ ಅಂಚಿಗೆ ತಾಗಿ ಗರ್‌ರ್‌ರ್ ಎಂದದ್ದು ಟಕ್ ಎನ್ನುತ್ತಿತ್ತು. ಒಂದು ಬೆಳಿಗ್ಗೆ ಮಿಸೆಸ್ ಖೂ ಹೂವಿನ ಪೈಜಾಮದಲ್ಲೇ ಮೇಲೆ ಬಂದು, ಇಲ್ಲಿನವರೆಲ್ಲ ಮಾತಿನ ಕೊನೆಗೆ ಹಚ್ಚುವ 'ಲಾ' ಹಚ್ಚಿ ಹೇಳಿದರು.

"ಪ್ರೊಫೆಸರ್, ಎವ್ರಿ ಮಾರ್ನಿಂಗ್ ಮೈ ಲ್ಯಾಂಪ್ ಆಲ್ಸೋ ಡಾನ್ಸಿಂಗ್ ಲಾ."

ಉಪಾಧ್ಯರು ನೊಂದುಕೊಂಡು ಅವರಿಗೊಂದು ಡಬ್ಬಿ ಚಟ್ನಿ ಕೊಟ್ಟರು. ಮಿಸೆಸ್ ಖೂ ತಿಂದು, ಬಹಳ ರುಚಿಯಾಗಿದೆ ಎಂದು ಫೋನ್ ಮಾಡಿ ಹೇಳಿ, ಆಮೇಲೆ ಕಾಂಡೋದ ಸಮಿತಿಗೆ ದೂರು ಕೊಟ್ಟರು. ಎರಡನ್ನೂ ಪ್ರಾಮಾಣಿಕವಾಗಿಯೇ ಮಾಡಿದರು. ಸಮಿತಿಯವರು ಬಂದು ಹೇಳಿದ್ದು ಇಷ್ಟು: ದೀಪಾವಳಿಯೊಳಗೆ ಸದ್ದು ನಿಲ್ಲಬೇಕು, ಇಲ್ಲವೇ ಕಲ್ಲು ಕಟ್ಟಡದಿಂದ ಹೊರಗೆ ಹೋಗಬೇಕು.

ಉಪಾಧ್ಯರು ಕಲ್ಲಿನಡಿ ಯೋಗದ ಮ್ಯಾಟ್ ಹಾಸಿದರು, ಚಾಪೆ ಹಾಸಿದರು, ಕೊನೆಗೆ ಎಲ್ಲಿಂದಲೋ ಒಂದು ಬೈಕಿನ ಟಯರು ತಂದರು. ಟಯರಿನ ಮೇಲೆ ಕೂತ ಕಲ್ಲು ಟಕ್ ಎನ್ನುವುದರ ಜೊತೆಗೆ ಕುಪ್ಪಳಿಸಲೂ ತೊಡಗಿತು.

"ಕಲ್ಲು ಹೋದ್ರೆ ನಾನೂ ಹೋಗುದೇ" ಎಂದರು.

"ಯಾವ ಫ್ಲೈಟಿಗೆ?" ಎಂದು ಕೇಳಿದರು ವಸುಧಕ್ಕ.

ಆ ದಿನಗಳಲ್ಲೇ ಉಪಾಧ್ಯರು ಪರೀಕ್ಷಕರಾಗಿ ಇಪೋ ಎಂಬ ಊರಿಗೆ ಹೋಗಿದ್ದರು. ಬರುವಾಗ ಚಕ್ಕೋತ ಕೊಳ್ಳಲು ದಾರಿಯಲ್ಲಿ ನಿಂತಿದ್ದಾರೆ, ಪಕ್ಕದಲ್ಲೊಂದು ಗೋಲಿ ಗಿರಣಿಯ ಬೋರ್ಡು ಕಂಡಿದೆ, ಒಳಗೆ ಹೋಗಿದ್ದಾರೆ. ಸಂಜೆ ನನ್ನ ಬಾಗಿಲು ಬಡಿದಾಗ ಅವರ ಕೈಯಲ್ಲಿ ಡಬ್ಬಿ ಇರಲಿಲ್ಲ, ಒಂದು ಬಿಳಿ ಕಲ್ಲಿನ ಗೋಲಿ ಇತ್ತು. ಒಳಗೆ ಬಂದವರೇ ಅದನ್ನು ನನ್ನ ನೆಲದ ಮೇಲೆ ಉರುಳಿಸಿದರು. ಅದು ಸದ್ದಿಲ್ಲದೆ ಉರುಳಿ ಫ್ರಿಜ್ಜಿನ ಅಡಿಗೆ ಹೋಯಿತು. ಇವತ್ತಿಗೂ ಅಲ್ಲೇ ಇದೆ.

"ಶಬ್ದ ಬಂತಾ?"

"ಇಲ್ಲ ಸರ್."

"ಯಾಕೆ ಬರ್ಲಿಲ್ಲ? ಉರುಟು ಉಂಟು, ಅದಕ್ಕೆ. ಅಲ್ಲಿ ಹೊಳೆ ನೀರಲ್ಲೇ ಕಲ್ಲನ್ನು ಉರುಟು ಮಾಡ್ತಾರೆ. ನಮ್ಮ ಗುಂಡು ಮತ್ತೆ ಎಂತ? ಅದೂ ಒಂದು ದೊಡ್ಡ ಗೋಲಿಯೇ."

"ಪೂರ್ತಿ ಉರುಟಾಗ್ಬಿಟ್ರೆ ಹಿಡ್ಕೊಳ್ಳೋದು ಹೇಗೆ ಸರ್? ಮೇಲ್ಗಡೆ ಕುತ್ತಿಗೆ ಬೇಡ್ವಾ?"

"ಅದು ನಂತರದ ಪ್ರಶ್ನೆ" ಎಂದರು. ಕ್ಲಾಸಿನಲ್ಲೂ ಉತ್ತರ ಗೊತ್ತಿಲ್ಲದಾಗ ಹೀಗೇ ಹೇಳುತ್ತಿದ್ದರಂತೆ.

ಹೀಗೆ ಮುಂದಿನ ಆದಿತ್ಯವಾರ ನಾವು ಹೊರಟೆವು. ವಸುಧಕ್ಕ ಕಾರು ಓಡಿಸಿದರು. ಗುಂಡು ಎತ್ತಲು ಇನ್ನೊಬ್ಬರು ಬೇಕು ಎಂದು ನನ್ನನ್ನು ಕರೆದಿದ್ದರು. ಬಾರದಿರಲು ಹೇಳಬಹುದಾಗಿದ್ದ ನೆಪಗಳೆಲ್ಲ ಆ ಕ್ಷಣಕ್ಕೆ ಮರೆತುಹೋದವು. ಸೇತುವೆ ದಾಟಿ, ಹೆದ್ದಾರಿ ಹಿಡಿದು, ಇಪೋದ ಸುಣ್ಣಕಲ್ಲಿನ ಗುಡ್ಡಗಳು ಒಂದೊಂದಾಗಿ ಎದುರಾಗುವ ಹೊತ್ತಿಗೆ ಉಪಾಧ್ಯರು ಹಿಂದಕ್ಕೆ ತಿರುಗಿ ಕೇಳಿದರು, "ಸೌಖ್ಯ ಉಂಟಾ?" ನಾನು "ಹೂಂ" ಎಂದೆ. ಅವರು ನೋಡುತ್ತಿದ್ದುದು ಗುಂಡುಕಲ್ಲನ್ನು.

ಗಿರಣಿ ಒಂದು ಗುಡ್ಡದ ಬುಡದಲ್ಲಿತ್ತು. ಹೊಳೆಯ ನೀರನ್ನು ದೋಣಿಯಂತೆ ಕೊರೆದ ಮರದ ದಿಮ್ಮಿಗಳಲ್ಲಿ ಹರಿಸಿ ತಂದು, ಸಾಲಾಗಿ ಇಟ್ಟ ದಪ್ಪ ಮರದ ಚಕ್ರಗಳ ಮೇಲೆ ಬಿಡುತ್ತಿದ್ದರು. ಚಕ್ರಗಳು ದೊಡ್ಡ ಪಾತ್ರೆಯ ಮುಚ್ಚಳದಂತೆ ಅಡ್ಡವಾಗಿ ಮಲಗಿದ್ದವು. ಪ್ರತಿ ಚಕ್ರದ ಅಡಿಯಲ್ಲಿ ಅಲುಗದ ಒಂದು ಕಲ್ಲು, ಅದರಲ್ಲಿ ಬಳೆಯಂತೆ ಕೊರೆದ ಕಾಲುವೆ. ಆ ಕಾಲುವೆಯಲ್ಲಿ ಒರಟಾದ ಅಮೃತಶಿಲೆಯ ತುಂಡುಗಳನ್ನಿಟ್ಟರೆ, ಮೇಲಿನ ಚಕ್ರ ತಿರುಗಿದಂತೆ ಅವು ಉರುಳಿ, ಒಂದಕ್ಕೊಂದು ಉಜ್ಜಿ, ದಿನಗಳ ಮೇಲೆ ಗೋಲಿಗಳಾಗುತ್ತವೆ. ತವರದ ಗಣಿ ಕೆಲಸಕ್ಕೆಂದು ಬಂದ ಒಬ್ಬ ಚೀನೀಯ ಇದನ್ನು ಕಟ್ಟಿದ್ದು. ಈಗ ನೋಡಿಕೊಳ್ಳುವವರು ಅವರ ಮೊಮ್ಮಗ, ಎಪ್ಪತ್ತರ ಆಸುಪಾಸಿನ ಅಂಕಲ್ ಹೊಂಗ್. ಚಡ್ಡಿ, ರಬ್ಬರ್ ಬೂಟು, ಕೊರಳಲ್ಲಿ ಟವೆಲ್. ಬಂದವರಿಗೆಲ್ಲ ಗಿರಣಿ ತೋರಿಸುವಾಗ ಹೊಳೆಯನ್ನೂ ತಮ್ಮ ತಾತನೇ ತಂದದ್ದು ಎಂಬಂತೆ ಮಾತಾಡುತ್ತಿದ್ದರು.

ಬೈರಾಸು ಬಿಚ್ಚಿದಾಗ ಅವರು ಗುಂಡುಕಲ್ಲಿನ ಸುತ್ತ ನಡೆದು ನೋಡಿದರು.

"ವಾಹ್. ವಾಟ್ ಫ್ರೂಟ್ ಈಸ್ ದಿಸ್?"

"ಚಟ್ನಿ ಸ್ಟೋನ್" ಎಂದರು ಉಪಾಧ್ಯರು. "ಕ್ಯಾನ್ ಮೇಕ್ ರೌಂಡ್ ಆರ್ ನಾಟ್?"

"ಕ್ಯಾನ್ ಲಾ! ಮೈ ಗ್ರ್ಯಾಂಡ್‌ಫಾದರ್ ವಾಟರ್, ಎನಿ ಸ್ಟೋನ್ ಆಲ್ಸೋ ಬಿಕಮ್ ರೌಂಡ್."

ಇಲ್ಲಿ ನಾನು ಬಾಯಿ ಹಾಕಬೇಕಾಯಿತು. ನನ್ನ ಕೆಲಸವೇ ಉಜ್ಜುವುದು. ಫ್ಯಾಕ್ಟರಿಯಲ್ಲಿ ಸಿಲಿಕಾನ್ ಬಿಲ್ಲೆಗಳನ್ನು ಕನ್ನಡಿಯಂತೆ ಸಮ ಮಾಡುವ ವಿಭಾಗದಲ್ಲಿದ್ದೇನೆ. "ಸರ್, ನಮ್ಮ ಕರಿಕಲ್ಲು ಗಟ್ಟಿ. ಇವರ ಕಲ್ಲು ಮೆದು. ಸವೆಯೋದು ಗುಂಡಲ್ಲ, ಇವರ ಗಿರಣಿ" ಎಂದೆ.

"ನೀನು ಸಣ್ಣ ಕಲ್ಲಿನ ಇಂಜಿನಿಯರ್" ಎಂದರು ಉಪಾಧ್ಯರು, ನೋವಾಗದಂತೆ. "ಇದು ದೊಡ್ಡ ಕಲ್ಲು."

ನಾನು ಅದನ್ನೇ ಇಂಗ್ಲಿಷಿನಲ್ಲಿ ಅಂಕಲ್ ಹೊಂಗ್‌ಗೆ ಹೇಳಿದೆ. ಅವರು ನನ್ನ ಕೈಗೊಂದು ಗೋಲಿ ಕೊಟ್ಟು, ಹೋಗಿ ಬೆಂಚಿನ ಮೇಲೆ ಕೂರಲು ಹೇಳಿದರು. ಇಬ್ಬರು ಹಿರಿಯರು ಸೇರಿ ಎಲ್ಲಕ್ಕಿಂತ ದೊಡ್ಡ ಚಕ್ರದ ಅಡಿಯಲ್ಲಿ, ಚಕ್ಕೋತ ಗಾತ್ರದ ಗುಂಡುಗಳನ್ನು ಮಾಡುವ ಜಾಗದಲ್ಲಿ, ಗುಂಡುಕಲ್ಲನ್ನು ಮಲಗಿಸಿದರು. ನೀರು ಬಿಟ್ಟಾಗ ಅದು ಒಮ್ಮೆ ಮುಲುಗಿ ತಿರುಗತೊಡಗಿತು. ಉಪಾಧ್ಯರು ಕೈಮುಗಿದರು. ಹೊಳೆಗೋ ಕಲ್ಲಿಗೋ ತಿಳಿಯಲಿಲ್ಲ.

ಆಮೇಲಿನ ವಾರಗಳಲ್ಲಿ ಉಪಾಧ್ಯರು ಬಡವಾದರು. ನನ್ನಲ್ಲಿಗೆ ಬಂದು, ಬೇರೆ ಕಡೆ ನೋಡುತ್ತಾ, ಮಿಕ್ಸಿ ಕೇಳಿ ಒಯ್ದರು. ಡಬ್ಬಿ ಬರುತ್ತಿತ್ತು, ಆದರೆ "ಇವತ್ತಿನದು ಹೆದರಿದ ಚಟ್ನಿ" ಎಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ಮರುದಿನ ಡಬ್ಬಿ ಪಡೆಯುವಾಗ ಉಪ್ಪಿನ ಮಾತು ಎತ್ತುತ್ತಿರಲಿಲ್ಲ. ಗೋಡೆಯಾಚೆ ಪಾಠವೂ ಇಲ್ಲ. ಕಾಲೇಜಿನಲ್ಲಿ ಸಿಟ್ರಿಕ್ ಆಸಿಡ್ ಚಕ್ರದ ನಡುವೆ ಮಾತು ನಿಂತು, ಬಲಗೈಯನ್ನು ಗಾಳಿಯಲ್ಲಿ ಎರಡು ಸುತ್ತು ತಿರುಗಿಸಿ, ಆಮೇಲೆ ಮುಂದಿನ ಹಂತ ಹೇಳಿದರಂತೆ. ವಿದ್ಯಾರ್ಥಿಗಳೂ ಅದನ್ನು ಪಾಠದ ಭಾಗವೆಂದೇ ತಿಳಿದು ಕೈ ತಿರುಗಿಸಿದರು ಎಂದು ವಸುಧಕ್ಕ ಹೇಳಿದರು. ಚೆನ್ನಾಗಿ ನಿದ್ದೆ ಮಾಡುತ್ತಿದ್ದ ಮಿಸೆಸ್ ಖೂ ಕೃತಜ್ಞತೆಯಿಂದ ಒಂದು ಕೇಕ್ ಕಳಿಸಿದರು. ಉಪಾಧ್ಯರು ಅದನ್ನು ಮುಟ್ಟಲಿಲ್ಲ.

ದೀಪಾವಳಿ ಹತ್ತಿರ ಬಂದಾಗ ಗುಂಡು ತರಲು ಮತ್ತೆ ಹೊರಟೆವು. ದಾರಿಯಲ್ಲಿ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ಮಧ್ಯಾಹ್ನಕ್ಕೆಂದು ಪರೋಟದಂಥ ರೋಟಿ ಚನಾಯ್ ಕಟ್ಟಿಸಿಕೊಂಡೆವು. ಗಿರಣಿಯ ಬಾಗಿಲಲ್ಲೇ ಅಂಕಲ್ ಹೊಂಗ್ ನಿಂತಿದ್ದರು, ಮುಖ ಕೆಂಪಾಗಿತ್ತು.

"ಪ್ರೊಫ್! ಯುವರ್ ಚಟ್ನಿ ಸ್ಟೋನ್ ಈಟ್ ಮೈ ಮಿಲ್!"

ಗುಂಡುಕಲ್ಲು ಎಣ್ಣೆಸ್ನಾನ ಮಾಡಿ ಎದ್ದಂತೆ ಹೊಳೆಯುತ್ತಿತ್ತು. ಉಬ್ಬು ಹಾಗೇ ಇತ್ತು. ಅದರ ಅಡಿಯಲ್ಲಿ ತಾತ ಕೊರೆದ ಕಲ್ಲಿನ ಕಾಲುವೆ ಮಾತ್ರ ಗುಂಡಿಯಾಗಿ ಇಳಿದುಹೋಗಿತ್ತು. ನಾನು ಹೇಳಬೇಕಾದ್ದನ್ನು ಹೋದ ಸಲವೇ ಹೇಳಿಯಾಗಿತ್ತು.

ಉಪಾಧ್ಯರು ಹೊಳೆಯ ದಡದಲ್ಲಿ ಕುಳಿತುಬಿಟ್ಟರು. ತಮ್ಮ ಕಲ್ಲು ಸರಿಯಾಗಲಿಲ್ಲ, ಇನ್ನೊಬ್ಬರ ತಾತನ ಕಲ್ಲು ಹಾಳಾಯಿತು. ವಸುಧಕ್ಕ ಕೂಡ ತಮಾಷೆ ಮಾಡದೆ ಅವರ ಪಕ್ಕ ಹೋಗಿ ನಿಂತರು. ಎಷ್ಟೋ ಹೊತ್ತಿನ ಮೇಲೆ ಉಪಾಧ್ಯರು ಎದ್ದು ಗಿರಣಿಯ ಬಳಿ ಬಂದು, ಮಂಡಿಯೂರಿ, ಸವೆದ ಕಾಲುವೆಯೊಳಗೆ ಅಂಗೈ ಆಡಿಸಿದರು. ಇನ್ನೊಮ್ಮೆ ಆಡಿಸಿದರು. ಅದು ಮನೆಯ ಕಲ್ಲಿನ ಕುಳಿಯ ಹಾಗೇ ಇತ್ತು; ಅವರ ಮುಖ ಬದಲಾಯಿತು.

"ವಸುಧಾ, ಕಾಯಿ ಸಿಗ್ತದಾ ನೋಡು."

ಚಕ್ಕೋತದ ಅಂಗಡಿಯ ಸಾಲಿನಲ್ಲಿ ತುರಿದ ಕಾಯಿಯೇ ಸಿಕ್ಕಿತು. ಹಸಿಮೆಣಸು, ಶುಂಠಿ, ಹುಣಸೆ, ಉಪ್ಪೂ ಸಿಕ್ಕವು. ಉಪಾಧ್ಯರು ಕಾಲುವೆಯನ್ನು ತಿಕ್ಕಿ ತೊಳೆದು, ನೀರು ಸಿಡಿಯದಂತೆ ಅಂಚಿಗೆಲ್ಲ ಬಾಳೆಲೆ ಕಟ್ಟಿ, ಕಾಯಿ ಹಾಕಿ ಚಕ್ರ ಬಿಡಿಸಿದರು. ಗುಂಡು ಸುತ್ತತೊಡಗಿತು. ಬಾಳೆಲೆ ಹರಿದು ನೀರು ಒಳಗೆ ನುಗ್ಗಿದಾಗ, "ಸಾಕು, ಸಾಕು! ಸ್ವಲ್ಪ ಕಡಿಮೆ!" ಎಂದು ಹೊಳೆಗೇ ಕೂಗಿದರು. ಹೊಳೆ ಕೇಳಲಿಲ್ಲ. ಅಂಕಲ್ ಹೊಂಗ್ ತಡೆಹಲಗೆ ಇಳಿಸಿದರು. ಕೋಪದ ನಡುವೆಯೂ ಅವರಿಗೆ ಕುತೂಹಲವಾಗಿತ್ತು.

"ಸುಣ್ಣಕಲ್ಲಿನ ಪುಡಿ ಸೇರಲ್ವಾ ಸರ್ ಇದಕ್ಕೆ?" ಎಂದೆ.

"ಸೇರ್ಲಿ. ಕ್ಯಾಲ್ಸಿಯಂ" ಎಂದರು ವಸುಧಕ್ಕ. "ಈ ಪ್ರಾಯಕ್ಕೆ ನಮಗೆಲ್ಲ ಬೇಕು."

ಚಟ್ನಿ ಆಯಿತು. ಉಪಾಧ್ಯರು ಬೆರಳಲ್ಲಿ ತೆಗೆದು ನಾಲಿಗೆಗಿಟ್ಟು ಕಣ್ಣು ಮುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, ಪಾಠದ ಧ್ವನಿಯಲ್ಲಿ ಹೇಳಿದರು.

"ನೋಡಿದೆಯಾ? ಈ ಉಬ್ಬೇ ಕಾಯಿಯನ್ನು ಅಡಿಗೆ ಎಳಕೊಳ್ಳುದು. ಉರುಟಾಗಿದ್ರೆ ಮೇಲಿಂದ ಮೇಲೆ ಜಾರಿ ಹೋಗ್ತಿತ್ತು. ನಾನು ಇಷ್ಟು ದಿನ ಇದಕ್ಕೇ ಬೈದದ್ದು."

ರೋಟಿ ಚನಾಯ್ ಪೊಟ್ಟಣ ಬಿಚ್ಚಿದೆವು. ಅಂಕಲ್ ಹೊಂಗ್ ಒಂದು ತುಂಡನ್ನು ಚಟ್ನಿಯಲ್ಲದ್ದಿ, ಅನುಮಾನದಿಂದ ಅಗಿದು, ಇನ್ನೊಂದು ತುಂಡು ತೆಗೆದುಕೊಂಡರು. ಮೂರನೆಯದಕ್ಕೆ ಪೊಟ್ಟಣವನ್ನೇ ತಮ್ಮ ಕಡೆ ಎಳೆದುಕೊಂಡರು. ಕೊನೆಗೆ ತೀರ್ಪು ಕೊಟ್ಟರು. ತಾತನ ಹಾಳಾದ ಕಲ್ಲಿಗೆ ಬದಲಾಗಿ ಗುಂಡು ಇಲ್ಲೇ ಇರಬೇಕು. ಅದರಲ್ಲಿ ಅವರು ತಮ್ಮ ಸಂಬಾಲ್ ಎಂಬ ಮೆಣಸಿನ ಚಟ್ನಿ ಅರೆದುಕೊಳ್ಳುತ್ತಾರೆ. ಬಿಡುವಿದ್ದಾಗ ಉರುಟು ಮಾಡುವ ಪ್ರಯತ್ನವನ್ನೂ ಬಿಡುವುದಿಲ್ಲ. "ಸ್ಲೋ ಓನ್ಲಿ. ಬಟ್ ಕ್ಯಾನ್." ಆದಿತ್ಯವಾರ ಬೇಕಾದರೆ ಪ್ರೊಫ್ ಬಂದು ಚಟ್ನಿ ಮಾಡಿಕೊಳ್ಳಬಹುದು.

ಹೀಗೆ ನಾವು ಬೈರಾಸು ಮಾತ್ರ ತಂದೆವು. ಗುಂಡಿಲ್ಲದ ಕಲ್ಲು ಸದ್ದು ಮಾಡಲಾರದು. ಸಮಿತಿ ಗೆದ್ದಿತು, ಉಪಾಧ್ಯರಿಗೆ ಹೊಳೆ ಸಿಕ್ಕಿತು.

ಸಂಬಾಲಿಗೆ ಸಿಗಡಿ ಬೀಳುತ್ತದೆ ಎನ್ನುವುದು ನನಗೆ ಹೊಳೆದದ್ದು ವಾಪಸು ಬರುವಾಗ. ಉಪಾಧ್ಯರು ಮೊಟ್ಟೆ ಹಾಕಿದ ಬಿಸ್ಕತ್ತನ್ನೂ ಮೂಸಿ ಬಿಡುವವರು. ಹೇಳದೆ ಇರುವುದು ಸರಿಯಲ್ಲ ಎಂದು ಹೇಳಿದೆ. ಅವರು ದಾರಿಯ ತೈಪಿಂಗ್ ಊರು ದಾಟುವವರೆಗೆ ಯೋಚಿಸಿದರು.

"ಸೋಮವಾರದಿಂದ ಶನಿವಾರ ಅದು ಅವರ ಕಲ್ಲು. ಆದಿತ್ಯವಾರ ನನ್ನದು. ನಡುವೆ ಇಡೀ ಹೊಳೆ ಹರಿದು ಹೋಗ್ತದಲ್ಲ ಮಾರಾಯ್ತಿ, ಇನ್ನೆಂತ ತೊಳೀಲಿಕ್ಕೆ ಉಂಟು?"

"ಊರಲ್ಲಿ ಇವರ ಸೋದರತ್ತೆಗೆ ಇದನ್ನು ಹೇಳ್ಬೇಡ" ಎಂದರು ವಸುಧಕ್ಕ, ಕನ್ನಡಿಯಲ್ಲಿ ನನ್ನನ್ನು ನೋಡಿ.

ಮುಂದೆ ಹದಿನೈದು ದಿನಕ್ಕೊಮ್ಮೆ ಗಿರಣಿಗೆ ಹೋಗುವುದು ರೂಢಿಯಾಯಿತು. ಹಿಂದಿನ ಸೀಟಿನಲ್ಲಿ ಈಗ ನನ್ನ ಜೊತೆಗಾರ ಕಾಯಿಯ ಬುಟ್ಟಿ. ಮಿಸೆಸ್ ಖೂ ಕೂಡ ತಮ್ಮ ಒಣಮೆಣಸನ್ನು ಕಳಿಸಿ ಅಂಕಲ್ ಹೊಂಗ್ ಕೈಯಲ್ಲಿ ಸಂಬಾಲ್ ಮಾಡಿಸಿಕೊಳ್ಳುತ್ತಿದ್ದರು. ಹೊಳೆಯ ಸದ್ದಿಗಿಂತ ಎತ್ತರದ ದನಿಯಲ್ಲಿ ಉಪಾಧ್ಯರು ಸಿಟ್ರಿಕ್ ಆಸಿಡ್ ಚಕ್ರ ಹೇಳುತ್ತಿದ್ದರು. ಗೋಲಿ ನೋಡಲು ಬಂದವರು ಅದು ಯಾವುದೋ ಮಂತ್ರವೆಂದು ತಿಳಿದು ಚಪ್ಪಲಿ ಬಿಟ್ಟು ನಿಂತದ್ದೂ ಉಂಟು. ಸೋಮವಾರ ಖಾಲಿ ಡಬ್ಬಿ ಕೊಡುವಾಗ ಹಳೆಯ ಪ್ರಶ್ನೆ ಮರಳಿ ಬಂತು. ಅದಿಲ್ಲದೆ ಇದ್ದ ವಾರಗಳಲ್ಲಿ ನಾನು ಅದಕ್ಕಾಗಿ ಕಾಯುತ್ತಿದ್ದೆ ಎಂಬುದು ನನಗೆ ಆಗ ತಿಳಿಯಿತು.

ಕಳೆದ ವರ್ಷ ಅವರ ಕಾಲೇಜಿನ ಅವಧಿ ಮುಗಿಯಿತು. ಇಬ್ಬರೂ ಮಣಿಪಾಲಕ್ಕೆ ಹೊರಟರು. ಕಡೆಯುವ ಕಲ್ಲು ವಿಮಾನಕ್ಕೆ ಆಗುವಂಥದ್ದಲ್ಲ. ಕೇಳದೆಯೇ ಅದನ್ನು ನನ್ನ ಬಾಲ್ಕನಿಗೆ ತಂದಿರಿಸಿದರು. ಈಗ ಅದರ ಕುಳಿಯಲ್ಲಿ ಮಳೆನೀರು ನಿಲ್ಲುತ್ತದೆ, ಮೈನಾಗಳು ಬಂದು ಮೀಯುತ್ತವೆ.

ಕೊನೆಯ ಆದಿತ್ಯವಾರ ಗಿರಣಿಯಲ್ಲಿ ಅಂಕಲ್ ಹೊಂಗ್ ನೀರು ನಿಲ್ಲಿಸಿ, ಗುಂಡನ್ನು ತೆಗೆದು ಒರೆಸಿ, ಉಪಾಧ್ಯರ ಮುಂದಿಟ್ಟರು. "ಟೇಕ್ ಲಾ, ಪ್ರೊಫ್." ಉಪಾಧ್ಯರು ಅದರ ಉಬ್ಬಿನ ಮೇಲೆ ಕೈಯಾಡಿಸಿದರು. ಆಮೇಲೆ ತಲೆಯಲ್ಲಾಡಿಸಿ, "ನಾಟ್ ಯೆಟ್ ರೌಂಡ್. ಯೂ ಪ್ರಾಮಿಸ್ಡ್ ರೌಂಡ್" ಎಂದು ತಾವೇ ಅದನ್ನೆತ್ತಿ ಚಕ್ರದ ಅಡಿಗೆ ಮಲಗಿಸಿದರು. ದೋಣಿಯ ನೀರು ಬಿಟ್ಟದ್ದೂ ಅವರೇ.

ಅವರು ಹೋದ ಮೇಲೆ ನಾನು ಗಿರಣಿಯ ಕಡೆ ಹೋಗಿರಲಿಲ್ಲ. ಮೊನ್ನೆ ಮಿಸೆಸ್ ಖೂ ಒಣಮೆಣಸಿನ ಚೀಲ ಹಿಡಿದು ಬಾಗಿಲಿಗೆ ಬಂದರು, ಇಲ್ಲವೆನ್ನಲಾಗಲಿಲ್ಲ. ಒಬ್ಬಳೇ ಕಾರು ಓಡಿಸಿಕೊಂಡು ಹೋದೆ. ಹೋದವಳು ಒಂದು ಪೊಟ್ಟಣ ಕಾಯಿತುರಿಯನ್ನೂ ಕೊಂಡೆ. ಅಂಕಲ್ ಹೊಂಗ್ ಹೊಳೆಯನ್ನು ಕಡಿಮೆ ಮಾಡಿಕೊಟ್ಟರು. ಬಾಳೆಲೆ ಕಟ್ಟಿ, ಜೀವನದಲ್ಲಿ ಮೊದಲ ಸಲ ಕಲ್ಲಿನಲ್ಲಿ ಚಟ್ನಿ ಅರೆದೆ. ಅರೆದದ್ದು ಹೊಳೆಯೇ, ನಾನು ನಿಂತು ನೋಡಿದೆ. ಗರ್‌ರ್‌ರ್ ಎಂದು ಬಂದು ಟಕ್, ಮತ್ತೆ ಗರ್‌ರ್‌ರ್. ಫೋನಿನಲ್ಲಿ ಆ ಸದ್ದನ್ನು ಹಿಡಿದು, ಜೊತೆಗೆ ಏನೂ ಬರೆಯದೆ ಮಣಿಪಾಲಕ್ಕೆ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಉಪಾಧ್ಯರ ದನಿ ಬಂತು. "ಹ್ಞಾಂ, ಕೇಳಿತು, ಕೇಳಿತು. ಉಬ್ಬು ಹಾಗೇ ಉಂಟು. ಅವರಿಗೆ ಹೇಳ್ಬೇಡ."

ಅಂಕಲ್ ಹೊಂಗ್ ಹತ್ತಿರ ಬಂದು ಬಗ್ಗಿದರು. "ವಾಟ್ ಪ್ರೊಫ್ ಸೇ? ಆಲ್ಮೋಸ್ಟ್ ರೌಂಡ್, ಯಾ?"

"ಆಲ್ಮೋಸ್ಟ್, ಅಂಕಲ್" ಎಂದೆ.

ಚಟ್ನಿಯನ್ನು ಡಬ್ಬಿಗೆ ತುಂಬುತ್ತಿದ್ದಾಗ ಇನ್ನೊಂದು ಸಂದೇಶ ಬಂತು. ಈ ಸಲ ದನಿಯಲ್ಲ, ಬರೆದದ್ದು: "ಉಪ್ಪು ಸಾಕಿತ್ತಾ?"

ಬೆರಳು ಅದ್ದಿ ನೋಡಿದೆ. ಉಪ್ಪು ಹಾಕುವುದನ್ನೇ ಮರೆತಿದ್ದೆ.

"ಸಾಕಿತ್ತು ಸರ್" ಎಂದು ಬರೆದೆ.